ಬ್ರೋಷರ್ ರಾಯರು

ಮನೆ ಕಟ್ಟುವ ಮೊದಲೇ ಗೃಹಪ್ರವೇಶ ಮುಗಿಸಿಕೊಂಡವರನ್ನು ನೋಡಬೇಕಾದರೆ ಬೆಂಗಳೂರಿಗೆ ಬರಬೇಕು. ಸೈಟಿನಲ್ಲಿ ತಗಡಿನ ಬೇಲಿ ಬಿಟ್ಟರೆ ಏನೂ ಇಲ್ಲ, ಜೆಸಿಬಿ ಕೂಡ ಬಂದಿಲ್ಲ. ನಮ್ಮ ಬ್ರೋಷರ್ ರಾಯರು ಆಗಲೇ ಇಪ್ಪತ್ತೊಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಹೀರುತ್ತಿರುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿ ಆಗುವ ಮುನ್ನ ಇಂಥ ಯೋಜನೆಯ ಜಾಹೀರಾತೂ ಕೂಡದು, ಬುಕಿಂಗೂ ಕೂಡದು. ಕಾನೂನಿಗೆ ತಲೆಬಾಗುವ ರಾಯರು ಬುಕ್ ಮಾಡಿಲ್ಲ, ‘ಇಒಐ’ ಕೊಟ್ಟಿದ್ದಾರೆ. ಹಾಗೆಂದರೆ ಆಸಕ್ತಿ ತೋರಿಸುವುದು, ಚೆಕ್ಕಿನ ಮೂಲಕ. ಮಹಡಿ ಏರಿದಂತೆ ಚದರಡಿಯ ದರವೂ ಏರುವ ‘ಫ್ಲೋರ್ ರೈಸ್’ ಕಟ್ಟಲು ಅವರಿಗೆ ಬೇಸರವಿಲ್ಲ. ಊರಿನ ಧೂಳು, ಗದ್ದಲ, ಬೀದಿನಾಯಿ ಎಲ್ಲವನ್ನೂ ಕೆಳಗೆ ಬಿಟ್ಟು ಹೋಗುವುದಕ್ಕೆ ಅದು ಟಿಕೆಟ್ಟು ಎಂದು ಅವರ ನಂಬಿಕೆ. ಆದರೆ ಲೆಕ್ಕ ಹಾಕಿದರೆ ತಿರುವುಮುರುವು: ಮನುಷ್ಯ ಮೇಲೇರಿದಷ್ಟೂ ಊರಿಗೆ ಇನ್ನಷ್ಟು ಜೋತುಬೀಳುತ್ತಾನೆ.

ನೀರನ್ನೇ ತೆಗೆದುಕೊಳ್ಳಿ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ ಏದುಸಿರು ಬಿಡುತ್ತ ಬೆಂಗಳೂರು ತಲುಪುತ್ತಾಳೆ. ಆಮೇಲೆ ರಾಯರ ಷವರ್‌ಗಾಗಿ ಇನ್ನೂ ನೂರು ಮೀಟರ್ ಹತ್ತಬೇಕು. 2024ರ ಬೇಸಿಗೆಯಂತೆ ನಲ್ಲಿ, ಬೋರ್‌ವೆಲ್ ಎರಡೂ ಕೈಕೊಟ್ಟರೆ ಟ್ಯಾಂಕರ್ ಡ್ರೈವರೇ ಕುಲದೇವರು. ಬೀದಿಮನೆಯವರಾದರೆ ಕೊಡ ಹಿಡಿದು ಅಡ್ಡರಸ್ತೆಗಾದರೂ ಹೋದಾರು, ಮುನ್ನೂರು ಕುಟುಂಬಗಳ ಗೋಪುರ ಯಾರ ಮನೆಗೆ ಹೋಗಬೇಕು? ‘ಮಳೆಗಾಲದಲ್ಲಾದರೂ ನಾವು ಬಚಾವು’ ಎನ್ನುತ್ತಾರೆ ರಾಯರು. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಕಡೆ ನೆರೆಯಲ್ಲಿ ಸಿಕ್ಕು ಟ್ರ್ಯಾಕ್ಟರ್ ಏರಿ ಹೊರಬಂದ ವಿಲ್ಲಾವಾಸಿಗಳ ಗತಿ ರಾಯರಿಗೆ ಬರದು, ನಿಜ. ಇಪ್ಪತ್ತೊಂಬತ್ತನೇ ಮಹಡಿ ಮುಳುಗುವುದಿಲ್ಲ. ಆದರೆ ಮುಳುಗುವ ಬೇಸ್‌ಮೆಂಟಿನಲ್ಲೇ ಪಂಪು, ವಿದ್ಯುತ್ ಪ್ಯಾನೆಲ್, ಕಾರು ಎಲ್ಲ ಇದ್ದರೆ, ಮೇಲಿರುವ ರಾಯರು ದ್ವೀಪವಾಸಿಯೇ. ಇನ್ನು ಹೆಚ್ಚುವರಿ ಹಣ ಕೊಟ್ಟ ‘ಲೇಕ್ ವ್ಯೂ’. ಆ ಕೆರೆ ಬೆಳ್ಳಂದೂರಿನದಾದರೆ, ಅದು ಊರಿನ ಕೊಳಚೆ ಕುಡಿದು ನೊರೆ ಕಾರಿ, 2018ರ ಜನವರಿಯಲ್ಲಿ ಹೊತ್ತಿ ಉರಿದದ್ದು. ಬ್ರೋಷರಿನ ಚಿತ್ರದಲ್ಲಿ ಮಾತ್ರ ಅದರ ಮೇಲೆ ಸದಾ ಕೊಕ್ಕರೆ ಹಾರುತ್ತಿರುತ್ತದೆ.

ಇಲ್ಲಿ ತಿಳಿದವರು ಆಕ್ಷೇಪಿಸುತ್ತಾರೆ: ಊರು ಅಡ್ಡಡ್ಡ ಬೆಳೆದು ಹೊಲ, ಕೆರೆ ನುಂಗುವುದಕ್ಕಿಂತ ಉದ್ದುದ್ದ ಬೆಳೆದರೆ ಒಳ್ಳೆಯದಲ್ಲವೇ? ಒಳ್ಳೆಯದೇ. ಎತ್ತರದ ಮೇಲೆ ಜಗಳವಿಲ್ಲ. ಕಡಿಮೆ ನೆಲದಲ್ಲಿ ಹೆಚ್ಚು ಜನ ಇರುವುದಾದರೆ ಗೋಪುರಕ್ಕೆ ಕೈಮುಗಿಯಬಹುದು. ಆದರೆ ರಾಯರ ಗೋಪುರದಲ್ಲಿ ಹೆಚ್ಚು ಇರುವುದು ಜನವಲ್ಲ, ಕಾರು. ಒಂದು ಕಾರು ನಿಲ್ಲಲು, ಹೊರಳಲು ಸುಮಾರು 300 ಚದರಡಿ ಬೇಕು. ಫ್ಲ್ಯಾಟಿಗೆ ಮೂರು ಕಾರೆಂದರೆ ಒಂಬೈನೂರು ಚದರಡಿ, ಅಂದರೆ ಒಂಬತ್ತು ಚದರ. ನಮ್ಮೂರಲ್ಲಿ ಒಂಬತ್ತು ಚದರದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಅತ್ತೆ ಎಲ್ಲರೂ ಬಾಳುತ್ತಾರೆ, ನಡುವೆ ನೆಂಟರೂ ಬರುತ್ತಾರೆ. ಹಾಗಾದರೆ ಹಳೆಯ ವಠಾರ ಸ್ವರ್ಗವೇ ಎಂದು ಕೇಳಬೇಡಿ. ಬೆಳಗಿನ ಆರು ಗಂಟೆಗೆ ಒಂದೇ ಕಕ್ಕಸಿನ ಮುಂದೆ ಸಾಲು ನಿಂತವರು ಯಾರೂ ಅದನ್ನು ಸ್ವರ್ಗವೆನ್ನಲಾರರು. ಆದರೂ ಅಲ್ಲಿ ಪಾತ್ರೆ ತೊಳೆಯುವಾಕೆ, ಇಸ್ತ್ರಿಯವ, ಗುಮಾಸ್ತ ಒಂದೇ ಬೀದಿಯಲ್ಲಿರಲು ಸಾಧ್ಯವಿತ್ತು. ಗೋಪುರ ಬಂದ ಕಡೆ ಸುತ್ತಲಿನ ಬಾಡಿಗೆಯೂ ಲಿಫ್ಟ್ ಹತ್ತುತ್ತದೆ. ಪಾತ್ರೆ ತೊಳೆಯುವಾಕೆ ಈಗ ದೂರದಿಂದ ಎರಡು ಬಸ್ಸು ಬದಲಿಸಿ ಬಂದು ‘ಸರ್ವಿಸ್ ಲಿಫ್ಟ್’ ಕಾಯುತ್ತಾಳೆ. ಒಂದು ಬಸ್ಸು ತಪ್ಪಿದ ದಿನ ರಾಯರ ಮನೆಯ ಪಾತ್ರೆ ಸಿಂಕಿನಲ್ಲೇ ಉಳಿಯುತ್ತದೆ. ಆಗ ‘ಈ ಊರಿನ ಟ್ರಾಫಿಕ್ಕು!’ ಎಂದು ಸಿಡುಕುವವರೂ ಅವರೇ. ಆ ಟ್ರಾಫಿಕ್ಕಿಗೆ ಮೂರು ಕಾರಿನ ಕಾಣಿಕೆ ಸಲ್ಲಿಸಿದವರೂ ಅವರೇ.

ಇಷ್ಟೆಲ್ಲ ಹೇಳಿದರೂ ರಾಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ಆದರೆ ವ್ಯೂ ನೋಡಿ ಸ್ವಾಮಿ!’ ರಸ್ತೆಯ ಆಚೆ ಬದಿಯಲ್ಲಿ, ಕೆರೆಗೆ ಅಡ್ಡಲಾಗಿ, ಮೊನ್ನೆ ಇನ್ನೊಂದು ತಗಡಿನ ಬೇಲಿ ಎದ್ದಿದೆ. ಮೂವತ್ತೈದು ಮಹಡಿಯಂತೆ. ಅಲ್ಲಿಗೂ ಒಂದು ಇಒಐ ಕೊಟ್ಟುಬಿಡುವುದೇ ಎಂದು ರಾಯರು ಬ್ಯಾಂಕಿನವರನ್ನು ವಿಚಾರಿಸುತ್ತಿದ್ದಾರೆ.