ಮಧುಚಂದ್ರಕ್ಕೊಂದು ಜಂಟಿ ಅಧಿವೇಶನ

ನಮ್ಮ ಮಧುಚಂದ್ರದ ಜಾಗ ಆರಿಸಲು ಕೂತದ್ದು ಎರಡೂ ಮನೆಯ ಹಿರಿಯರು. ಮಾಲ್ಡೀವ್ಸ್ ಎಂದೆ. ‘ಅಲ್ಲಿ ನೆಲದ ಸರಾಸರಿ ಎತ್ತರವೇ 1.5 ಮೀಟರ್ ಅಂತೆ, ಇವನಿಗೆ ಈಜು ಬರಲ್ಲ’ ಎಂದರು ಅಮ್ಮ. ಸರಿ, ಸ್ವಿಟ್ಜರ್ಲೆಂಡ್ ಎಂದೆ. ಅಲ್ಲಿನ ಯುಂಗ್‌ಫ್ರಾವ್‌ಯೋಕ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟಕ್ಕೇ ಮಫ್ಲರ್ ಸುತ್ತಿಕೊಳ್ಳುವ ನನ್ನನ್ನು ಮಾವನವರು ಅಡಿಯಿಂದ ಮುಡಿವರೆಗೆ ನೋಡಿದರು. ಷೆಂಗೆನ್ ವೀಸಾಕ್ಕೆಂದು ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಹೊರಬಿದ್ದರೆ ಮದುವೆಯೇ ಮರುಪರಿಶೀಲನೆಗೆ ಬಂದೀತೆಂದು ಯುರೋಪನ್ನು ನಾನೇ ಬಿಟ್ಟೆ. ಉಳಿದದ್ದು ಬಾಲಿ. ಅಲ್ಲಿ ನ್ಯೆಪಿ ಎಂಬ ಹೊಸವರ್ಷದಂದು ವಿಮಾನ ನಿಲ್ದಾಣವೂ ಬಂದ್. ಬೀದಿಗಿಳಿಯುವಂತಿಲ್ಲ, ಮೊಬೈಲ್ ಇಂಟರ್ನೆಟ್ಟೂ ಇರುವುದಿಲ್ಲ. ಅದುವರೆಗೆ ಸುಮ್ಮನಿದ್ದ ನನ್ನಾಕೆ, ‘ಅದೇ ದಿನಕ್ಕೆ ಹೋಗೋಣ ರೀ, ಯಾರ ವೀಡಿಯೊ ಕಾಲೂ ಬರಲ್ಲ’ ಎಂದಳು. ಆದರೆ ನ್ಯೆಪಿ 2026ರಲ್ಲಿ ಯುಗಾದಿಯ ದಿನವೇ ಬಿತ್ತು. ಹೊಸ ಅಳಿಯನ ಮೊದಲ ಯುಗಾದಿ ಮಾವನ ಮನೆಯಲ್ಲೇ.