ಬ್ರದರ್ ತಿಪ್ಪೇಶಿ

ಅವನ ಹೆಸರು ತಿಪ್ಪೇಶಿ ಅಂತಲೇ ಇಟ್ಟುಕೊಳ್ಳೋಣ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಶಿಯೋ ತಿಪ್ಪೇಸ್ವಾಮಿಯೋ ಇದ್ದೇ ಇರುವುದರಿಂದ ಇವನು ಇಂಥವರ ಮಗ ಎಂದು ಯಾರೂ ಪತ್ತೆ ಹಚ್ಚಲಾರರು. ಆದರೆ ತುರುವನೂರಿನಿಂದ ದುರ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವನನ್ನು ಗುರುತಿಸುವುದು ಕಷ್ಟವಲ್ಲ. ಉಗುರು ಬೆಳೆದಿರುವುದಿಲ್ಲ. ಸೀಟು ಸಿಕ್ಕ ಕೂಡಲೇ ನಿದ್ದೆ ಹೋಗುತ್ತಾನೆ. ಪಕ್ಕದವರು ಕೆಮ್ಮಿದರೆ ಮಾತ್ರ ಒಂದು ಕಣ್ಣು ತೆರೆದು ‘ಎಷ್ಟು ದಿನದಿಂದ ಐತೆ?’ ಎಂದು ಕೇಳುತ್ತಾನೆ. ಎರಡು ವಾರಕ್ಕಿಂತ ಹೆಚ್ಚು ಅಂದರೆ ಎರಡನೇ ಕಣ್ಣನ್ನೂ ತೆರೆದು ಕಫ ಪರೀಕ್ಷೆಗೆ ಎಲ್ಲಿ ಹೋಗಬೇಕೆಂದು ಹೇಳುತ್ತಾನೆ. ಬೆನ್ನಿನ ಬ್ಯಾಗಿನಲ್ಲಿ ಇಸ್ತ್ರಿ ಮಾಡಿ ಮಡಿಸಿಟ್ಟ ಬಿಳಿ ಯೂನಿಫಾರಂ ಇರುತ್ತದೆ. ಅದನ್ನು ಊರೊಳಗೆ ಹಾಕಿಕೊಂಡು ಓಡಾಡುವ ಧೈರ್ಯ ಅವನಿಗಿನ್ನೂ ಬಂದಿಲ್ಲ. ಹಾಕಿಕೊಂಡರೆ ಅರ್ಧ ಊರು ‘ಡಾಕ್ಟ್ರೇ’ ಎಂದು ಕೈ ಮುಗಿಯುತ್ತದೆ, ಉಳಿದರ್ಧ ‘ನರ್ಸಮ್ಮ ಬಂದ್ಲು’ ಎಂದು ನಗುತ್ತದೆ. ಮೊದಲನೆಯವರನ್ನು ತಿದ್ದಲು ಅವನಿಗೆ ಮನಸ್ಸಿಲ್ಲ, ಎರಡನೆಯವರನ್ನು ತಿದ್ದಲು ಶಕ್ತಿಯಿಲ್ಲ.

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ದಿನದಿಂದ ಅವ್ವ ಅವನನ್ನು ‘ನಮ್ಮ ಡಾಕ್ಟ್ರು’ ಅಂತಲೇ ಕರೆಯುತ್ತಿದ್ದಳು. ನೀಟ್ ಫಲಿತಾಂಶ ಬಂದ ದಿನ ಮತ್ತೆ ತಿಪ್ಪೇಶಿ ಎಂದು ಕರೆಯತೊಡಗಿದಳು. ಅಪ್ಪ ಎರೆಹೊಲದ ಈರುಳ್ಳಿಯ ಲೆಕ್ಕ ತೆಗೆದ. ಬೆಲೆ ಇದ್ದ ವರ್ಷ ಬೆಳೆ ಕೊಳೆತಿತ್ತು, ಬೆಳೆ ಬಂದ ವರ್ಷ ಬೆಲೆ ಕೊಳೆತಿತ್ತು. ಈ ಲೆಕ್ಕದಲ್ಲಿ ಇಂಜಿನಿಯರಿಂಗ್ ಹಿಡಿಸುವಂತಿರಲಿಲ್ಲ. ಆಗ ಪಿಯು ಮೇಷ್ಟ್ರು ದಾರಿ ತೋರಿಸಿದರು. ‘ಜಿಎನ್‌ಎಂ ಆದ್ರೆ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ ಆದ್ರೆ 4 ವರ್ಷ. ಪಾಸಾದೋನು ಕಟ್ಟೆ ಮೇಲೆ ಕೂತಿದ್ದು ನಾನಂತೂ ನೋಡಿಲ್ಲ.’ ಅಪ್ಪನಿಗೆ ಕೊನೆಯ ಮಾತು ಹಿಡಿಸಿತು. ಕಟ್ಟೆಯ ಮೇಲೆ ಕೂತ ಪದವೀಧರರನ್ನು ಅವನು ಸಾಕಷ್ಟು ನೋಡಿದ್ದ.

ಮನೆಯಲ್ಲಿ ಇಷ್ಟು ಸಲೀಸಾಗಿ ಮುಗಿದ ವಿಷಯ ಮಂಡಕ್ಕಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ನಡೆಯಿತು. ಅಲ್ಲಿನ ಕಾಯಂ ಸದಸ್ಯ ತಿಪ್ಪೇಶಿಯ ಸೋದರಮಾವ. ಮೆಣಸಿನಕಾಯಿ ಬಜ್ಜಿಯ ತೊಟ್ಟು ಹಿಡಿದು ಅವನು ಹೇಳಿದ ಮಾತಿಗೆ ಆ ಅಂಗಡಿಯಲ್ಲಿ ಮೇಲ್ಮನವಿಯಿಲ್ಲ.

‘ನರ್ಸಾ? ಅಲ್ಲಲೇ, ಮೀಸೆ ಬಂದೈತಲ್ಲೋ ನಿಂಗೆ!’

‘ಮೀಸೆಗೂ ಸೂಜಿಗೂ ಏನ್ ಸಂಬಂಧ ಮಾವ?’

‘ಸೂಜಿ ಬರೆಯೋನು ಗಂಡಸು. ಸೂಜಿ ಹಾಕಿ ಹತ್ತಿಲಿ ತಿಕ್ಕೋಳು ಹೆಂಗ್ಸು. ಹಂಗೈತೆ ಲೆಕ್ಕ.’

ಪಕ್ಕದಲ್ಲಿದ್ದ ಹಿರಿಯರೊಬ್ಬರು ರಾಜಿಗೆ ಬಂದರು. ‘ಹೋಗ್ಲಿ ಬಿಡ್ರಿ ಅತ್ಲಾಗೆ. ಯಾರಾದ್ರೂ ಕೇಳಿದ್ರೆ ಕಾಂಪೌಂಡ್ರು ಅಂದ್ಬಿಡಪ್ಪ.’ ಕಾಂಪೌಂಡರು ಎಂದರೆ ಬಣ್ಣದ ನೀರು ಕೊಟ್ಟರೂ ಗಂಡಸು. ನರ್ಸು ಎಂದರೆ ಜೀವ ಉಳಿಸಿದರೂ ಹೆಂಗಸು.

ಇದೇ ಮಾವ ಅದೇ ವಾರ ತನ್ನ ಎಮ್ಮೆಗೆ ಕರು ಅಡ್ಡ ಬಿದ್ದಾಗ ಮೊಣಕೈ ಮುಳುಗುವಷ್ಟು ಕೈ ಹಾಕಿ ಕರುವನ್ನು ಎಳೆದಿದ್ದ. ಮಾಸು ಬೀಳುವ ತನಕ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂತಿದ್ದ. ಕರುವಿನ ಮೂಗು ಒರೆಸಿ, ಎಮ್ಮೆಗೆ ಬಿಸಿನೀರು ಕಾಸಿ ಕೊಟ್ಟು, ಬೆಳಿಗ್ಗೆ ಓಣಿಗೆಲ್ಲ ಗಿಣ್ಣು ಹಂಚಿದ. ಇದು ಅಪ್ಪಟ ಗಂಡಸಿನ ಕೆಲಸ. ಹೆಂಡತಿಯ ಎರಡೂ ಹೆರಿಗೆಯ ಹೊತ್ತಿನಲ್ಲಿ ಮಾತ್ರ ಮಾವ ಊರಲ್ಲಿರಲಿಲ್ಲ. ಅದು ಹೆಂಗಸರ ವಿಷಯ.

ನರ್ಸಿಂಗ್ ಓದುವವನಿಗೆ ಸೂಲಗಿತ್ತಿ ವಿದ್ಯೆಯೂ ಪಾಠವೇ. ತಿಪ್ಪೇಶಿ ಪುಸ್ತಕದಲ್ಲಿ ಅದನ್ನು ಬಾಯಿಪಾಠ ಮಾಡಿ ಹೆರಿಗೆ ವಾರ್ಡಿಗೆ ಹೋದ. ಬಾಗಿಲಲ್ಲಿ ಕಾವಲು ಕೂತ ಅಜ್ಜಿ ಅಡ್ಡ ಕೈ ಹಾಕಿದಳು.

‘ನೀನ್ಯಾರಪ್ಪ? ಹುಡುಗಿ ಗಂಡನಾ?’

‘ಅಲ್ಲಜ್ಜಿ, ಸ್ಟೂಡೆಂಟು.’

‘ಗಂಡನ್ನೇ ಒಳಗೆ ಬಿಟ್ಟಿಲ್ಲ. ನೀನ್ಯಾವೂರ ದಾಸಯ್ಯ? ಹೊರಗೆ ನಿಂತ್ಕೋ.’

ಒಳಗೆ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರೂ ಗಂಡಸೇ. ಅಜ್ಜಿ ಅವರಿಗೆ ದಾರಿ ಬಿಟ್ಟು, ಸೆರಗು ಸರಿಮಾಡಿಕೊಂಡು ನಮಸ್ಕಾರ ಕೂಡ ಮಾಡಿದ್ದಳು. ಹೊರಗೆ ನಿಂತ ತಿಪ್ಪೇಶಿಗೆ ಆ ದಿನ ಪುಸ್ತಕದಲ್ಲಿಲ್ಲದ ಒಂದು ಪಾಠವಾಯಿತು. ಅಡ್ಡಿಯಿರುವುದು ಗಂಡಸಿಗಲ್ಲ, ಸಣ್ಣ ಸಂಬಳದ ಗಂಡಸಿಗೆ. ಡಾಕ್ಟರಾದ ಗಂಡಸು ದೇವರು, ನರ್ಸಾದ ಗಂಡಸು ಅನುಮಾನ.

2018ರಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಯ ಫೋಟೊ ಪೇಪರಿನಲ್ಲಿ ನೋಡಿ ಮಾವ ಕೇಳಿದ: ‘ಎಷ್ಟು ಹೆರಿಗೆ ಆದ್ಮೇಲೆ ಕೊಡ್ತಾರಂತೋ ಇದನ್ನ? ನಿಂದು ಎಷ್ಟಾಯ್ತು?’ ತಿಪ್ಪೇಶಿಯ ಲೆಕ್ಕದಲ್ಲಿ ಆಗ ಇದ್ದದ್ದು ಹೊರಗೆ ನಿಂತ ಹೆರಿಗೆಗಳು ಮಾತ್ರ.

ಮೇ 12 ದಾದಿಯರ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಆ ದಿನದ ಸಮಾರಂಭಗಳಲ್ಲಿ ದೀಪ ಹಿಡಿದ ಸಾಲಿನಲ್ಲಿ ತಿಪ್ಪೇಶಿಯದೊಂದೇ ಪ್ಯಾಂಟು. ಮುಖ್ಯ ಅತಿಥಿಗಳು ‘ಮಾತೃಹೃದಯದ ಸೋದರಿಯರೇ’ ಎಂದು ಶುರುಮಾಡಿ, ಅವನನ್ನು ಕಂಡು ಒಂದು ಕ್ಷಣ ತಡವರಿಸಿ, ‘ಮತ್ತು... ಇವರೇ’ ಎಂದು ಸೇರಿಸುತ್ತಾರೆ. ಆ ‘ಇವರೇ’ ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಲೈಬ್ರರಿ ಹೊಕ್ಕು ಚರಿತ್ರೆ ಕೆದಕಿದ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ನೈಟಿಂಗೇಲ್ ಹೋಗುವ ತನಕ ಅಲ್ಲಿನ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡುತ್ತಿದ್ದವರು ಗಂಡಾಳುಗಳೇ. ಅಷ್ಟು ಕೆಟ್ಟದಾಗಿ ನೋಡುತ್ತಿದ್ದರೆಂದೇ ಆಕೆ ಹೋಗಬೇಕಾಯಿತು ಎಂಬ ಸಂಗತಿಯನ್ನು ತಿಪ್ಪೇಶಿ ಜಾಣತನದಿಂದ ಪುಟ ತಿರುಗಿಸಿ ದಾಟಿಕೊಂಡ. ಆಮೇಲೆ ಬಾಗಿಲು ಹೇಗೆ ಮುಚ್ಚಿತೆಂದರೆ, ಅಮೆರಿಕದ ಸೇನೆ ತನ್ನ ನರ್ಸ್ ದಳಕ್ಕೆ ಒಬ್ಬ ಗಂಡಸನ್ನು ಅಧಿಕಾರಿಯಾಗಿ ಸೇರಿಸಿಕೊಂಡದ್ದು 1955ರಲ್ಲಿ. ಇದನ್ನೆಲ್ಲ ಮಂಡಕ್ಕಿ ಅಂಗಡಿಯಲ್ಲಿ ಹೇಳಿದರೆ ‘ಅಮೆರಿಕ ಯಾವ ಹೋಬ್ಳಿಗೆ ಬರ್ತೈತಪ್ಪ?’ ಎಂಬ ಉತ್ತರ ಬಂತು.

ಆಗ ಅವನಿಗೆ ಸ್ಥಳೀಯ ಅಸ್ತ್ರ ಹೊಳೆಯಿತು. ತುರುವನೂರು ಸಾಧಾರಣ ಊರಲ್ಲ. 1939ರಲ್ಲಿ ಎಸ್. ನಿಜಲಿಂಗಪ್ಪನವರಂಥವರ ನೇತೃತ್ವದಲ್ಲಿ ಹೆಂಡದ ಈಚಲು ಮರ ಕಡಿದು ಮೈಸೂರು ಸಂಸ್ಥಾನವನ್ನೇ ಎದುರು ಹಾಕಿಕೊಂಡ ಸತ್ಯಾಗ್ರಹದ ಊರು. ಗಾಂಧೀಜಿಗೆ ಗುಡಿ ಕಟ್ಟಿದ ಊರು. ತಿಪ್ಪೇಶಿ ನೇರ ಅಂಗಡಿಗೆ ಬಂದು ನಿಂತ.

‘ಮಾವ, ಗುಡೀಲಿ ಇರೋರು ಯಾರು?’

‘ಮಹಾತ್ಮ ಗಾಂಧಿ. ಯಾಕೋ?’

‘ಅವರು ಆಫ್ರಿಕಾದಾಗಿದ್ದಾಗ ದಿನಾ ಒಂದು ಧರ್ಮಾಸ್ಪತ್ರೆಗೆ ಹೋಗಿ ಔಷಧ ಬೆರೆಸಿ ಕೊಡ್ತಿದ್ರು. 1899ರಲ್ಲಿ ಬೋಯರ್ ಯುದ್ಧ ಬಂದಾಗ ಸುಮಾರು 1,100 ಜನ ಕಟ್ಕೊಂಡು ಗಾಯಾಳುಗಳನ್ನ ಡೋಲಿಲಿ ಹೊತ್ರು. 1904ರಲ್ಲಿ ಜೋಹಾನ್ಸ್‌ಬರ್ಗಿಗೆ ಪ್ಲೇಗು ಬಂದಾಗ ರೋಗಿಗಳ ಪಕ್ಕ ಕೂತು ಆರೈಕೆ ಮಾಡಿದ್ರು. ಇನ್ನೂ ಹೇಳ್ಲಾ? 1900ರಲ್ಲಿ ಕೊನೇ ಮಗ ದೇವದಾಸ ಹುಟ್ಟೋವಾಗ ಡಾಕ್ಟ್ರೂ ಇಲ್ಲ, ಸೂಲಗಿತ್ತೀನೂ ಇಲ್ಲ. ಹೆರಿಗೆ ಮಾಡ್ಸಿದ್ದು ಸ್ವತಃ ಗಾಂಧೀಜಿ! ಆತ್ಮಕಥೇಲಿ ಅವರೇ ಬರ್ಕೊಂಡವ್ರೆ.’

ಅಂಗಡಿ ಗಪ್ಪಾಯಿತು. ಬಾಣಲೆಯ ಎಣ್ಣೆ ಮಾತ್ರ ಚಟಪಟ ಅನ್ನುತ್ತಿತ್ತು. ಮಾವ ಬಜ್ಜಿಯನ್ನು ಪೂರ್ತಿ ಅಗಿದು ನುಂಗಿ ಆಮೇಲೆ ತೀರ್ಪು ಕೊಟ್ಟ.

‘ಗಾಂಧೀಜಿ ಮೊದ್ಲು ಬ್ಯಾರಿಸ್ಟರ್ ಆಗಿ ಆಮೇಲೆ ಅದೆಲ್ಲ ಮಾಡಿದ್ರು. ನೀನೂ ಮೊದ್ಲು ಬ್ಯಾರಿಸ್ಟರ್ ಆಗು. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ.’

ಕೋರ್ಸು ಮುಗಿದು ಕೆಲಸ ಸಿಕ್ಕಿತು. ಆಸ್ಪತ್ರೆಯಲ್ಲಿ ಹೆಂಗಸರು ‘ಸಿಸ್ಟರ್’, ಇವನು ‘ಬ್ರದರ್’. ಹಳ್ಳಿಯಿಂದ ಬಂದ ಮುದುಕಿಯರು ಎರಡನ್ನೂ ಸೇರಿಸಿ ‘ಸಿಸ್ಟರಪ್ಪಾ’ ಅನ್ನುತ್ತಾರೆ. ಆಕ್ಸಿಜನ್ ಸಿಲಿಂಡರ್ ಉರುಳಿಸಬೇಕೆ? ಬ್ರದರ್. ಲಿಫ್ಟು ಕೆಟ್ಟು ಸ್ಟ್ರೆಚರ್ ಮೆಟ್ಟಿಲು ಹತ್ತಬೇಕೆ? ಬ್ರದರ್. ಹೈವೇಯಲ್ಲಿ ಲಾರಿ ಮಗುಚಿ ರಾತ್ರಿ ಎರಡಕ್ಕೆ ಆರು ಜನ ಒಟ್ಟಿಗೆ ಬಂದರೆ? ಬ್ರದರ್. ಕುಡಿದು ಬಿದ್ದು ತಲೆ ಒಡೆದುಕೊಂಡವನು ಹೊಲಿಗೆ ಹಾಕಿಸಿಕೊಳ್ಳದೆ ಕುಸ್ತಿಗೆ ನಿಂತರೆ ಅವನನ್ನು ತಬ್ಬಿ ಹಿಡಿಯುವವನೂ ಬ್ರದರೇ. ಈಚಲು ಮರ ಕಡಿದ ಅಜ್ಜಂದಿರ ಮೊಮ್ಮಕ್ಕಳನ್ನು ಪಾಕೀಟಿನ ಬ್ರಾಂದಿಯ ವಾಸನೆಯ ಸಮೇತ ತಬ್ಬಿಕೊಂಡಾಗಲೆಲ್ಲ ಅವನಿಗೆ ಸತ್ಯಾಗ್ರಹ ಇನ್ನೂ ಬಾಕಿಯಿದೆ ಅನ್ನಿಸುತ್ತದೆ.

ಆದರೆ ಅವನ ನಿಜವಾದ ಬೆಲೆ ತಿಳಿದದ್ದು ಗಂಡಸರ ವಾರ್ಡಿನಲ್ಲಿ. ನಾಚಿಕೆ ಹೆಂಗಸರ ಸೊತ್ತು ಎಂದವರು ಆ ವಾರ್ಡಿನಲ್ಲಿ ಒಂದು ರಾತ್ರಿ ಕಳೆಯಬೇಕು. ಪಂಚಾಯ್ತಿಯಲ್ಲಿ ಮೇಜು ಗುದ್ದಿ ಮಾತಾಡುವವರು, ಜಾತ್ರೆಯಲ್ಲಿ ಗಾಡಿ ಎತ್ತಿ ತೋರಿಸಿದವರು, ಮೂತ್ರ ಕಟ್ಟಿ ಪೈಪು ಹಾಕಬೇಕೆಂದ ಕೂಡಲೇ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳುತ್ತಾರೆ. ಸಿಸ್ಟರು ಹತ್ತಿರ ಬಂದರೆ ‘ನಂಗೇನೂ ಆಗಿಲ್ಲಮ್ಮ’ ಎನ್ನುತ್ತಾರೆ. ಹೊಟ್ಟೆ ಗಡಿಗೆಯಾಗಿದ್ದರೂ ಆಗಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ ಒಂದು ಅರ್ಜಿ ಹೊರಡುತ್ತದೆ: ‘ಗಂಡು ನರ್ಸು ಯಾರೂ ಇಲ್ವೇನಮ್ಮ?’

ಒಂದು ರಾತ್ರಿ ಹಾಗೆ ಕೇಳಿದ ದನಿ ತೀರಾ ಪರಿಚಯದ್ದಾಗಿತ್ತು. ಕಂಬಳಿ ಸರಿಸಿದರೆ ಮಾವ! ತಿಪ್ಪೇಶಿ ಏನೂ ಮಾತಾಡದೆ ಗ್ಲೌಸು ಹಾಕಿಕೊಂಡ. ಮಾವನೂ ಏನೂ ಮಾತಾಡದೆ ಕಣ್ಣು ಮುಚ್ಚಿಕೊಂಡ. ಐದು ನಿಮಿಷದ ನಂತರ ಉಸಿರು ಬಿಟ್ಟು ಹೇಳಿದ್ದು ಒಂದೇ ಮಾತು: ‘ಅಂಗಡೀಲಿ ಹೇಳ್ಬ್ಯಾಡಪ್ಪ.’ ತಿಪ್ಪೇಶಿ ಹೇಳಲಿಲ್ಲ. ರೋಗಿಯ ಗುಟ್ಟು ಕಾಯುವುದು ಅವನ ಪಾಠದ ಮೊದಲ ಅಧ್ಯಾಯ. ಹಾಗೆ ಗುಟ್ಟು ಉಳಿದದ್ದರಿಂದ ಅಂಗಡಿಯಲ್ಲಿ ಮಾವನ ಹಾಸ್ಯವೂ ಉಳಿಯಿತು.

ಹಗಲು ನಗುವ ಊರು ಕತ್ತಲಾದ ಮೇಲೆ ಅವನ ಮನೆಯ ಬಾಗಿಲು ತಟ್ಟುತ್ತದೆ. ‘ಬಿಪಿ ಮಿಷಿನ್ ಐತೇನಪ್ಪ?’, ‘ಅವ್ವಂಗೆ ಬಾಟ್ಲಿ ಹಾಕ್ತೀಯಾ?’, ‘ಡಾಕ್ಟ್ರು ಬರ್ಕೊಟ್ಟಿದ್ದು ಓದೋಕೆ ಆಗ್ತಿಲ್ಲ’. ಡಾಕ್ಟರು ಹೇಳದೆ ಬಾಟ್ಲಿ ಹಾಕುವುದಿಲ್ಲ ಎಂದರೆ ‘ಸೊಕ್ಕು ಬಂದೈತೆ’ ಅನ್ನುತ್ತಾರೆ. 2020ರ ಮಾರ್ಚ್ 22ರ ಸಂಜೆ 5ಕ್ಕೆ ಇಡೀ ದೇಶ ಆರೋಗ್ಯ ಸಿಬ್ಬಂದಿಗೆಂದು ತಟ್ಟೆ ಬಡಿಯಿತಲ್ಲ, ಅವನ ಓಣಿಯಲ್ಲೂ ಜೋರಾಗಿ ಬಡಿದರು. ಡ್ಯೂಟಿ ಮುಗಿಸಿ ಅವನು ಓಣಿಗೆ ಕಾಲಿಟ್ಟಾಗ ಅದೇ ತಟ್ಟೆ ಹಿಡಿದವರು ಟಪಟಪ ಬಾಗಿಲು ಹಾಕಿಕೊಂಡರು.

ಇನ್ನು ಹೆಣ್ಣು ನೋಡುವ ಅಧ್ಯಾಯ. ಮೊದಲ ಮನೆಯಲ್ಲಿ ಬೀಗರಾಗಬೇಕಾದವರು ಕೇಳಿದರು.

‘ಹುಡುಗ ಈಗ ಎಲ್ಲಿದಾನೆ?’

‘ಆಸ್ಪತ್ರೇಲಿದಾನೆ’ ಎಂದ ಅಪ್ಪ.

‘ಅಯ್ಯೋ ಪಾಪ. ಏನಾಗಿತ್ತು?’

ಎರಡನೇ ಮನೆಯಲ್ಲಿ ಹುಡುಗಿಯ ಅಪ್ಪನಿಗೆ ಜಮೀನಿಗಿಂತ ಕೆಲಸವೇ ಮುಖ್ಯ. 2023ರಲ್ಲಿ ಹೆಣ್ಣು ಸಿಗಲೆಂದು ಮಂಡ್ಯ ಕಡೆಯ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಅವರು ಟೀವಿಯಲ್ಲಿ ನೋಡಿದ್ದರು. ಹೊಲವಿದ್ದವನಿಗೆ ಹೆಣ್ಣಿಲ್ಲ, ಕೆಲಸವಿದ್ದವನಿಗೆ ಉಂಟು. ಆದರೆ ‘ನರ್ಸು’ ಎಂದ ಕೂಡಲೇ ಕಾಫಿ ಲೋಟ ಕೆಳಗಿಳಿಯಿತು. ಮೂರನೇ ಮನೆಯ ಹೊತ್ತಿಗೆ ಅಪ್ಪ ಪಳಗಿದ್ದ. ಈಗ ಆ ಹುದ್ದೆಗೆ ನರ್ಸಿಂಗ್ ಆಫೀಸರ್ ಎಂದೇ ಹೆಸರು. ಅಪ್ಪ ಅದರ ಹಿಂಭಾಗವನ್ನಷ್ಟೇ ಗಟ್ಟಿಯಾಗಿ ಹೇಳಿದ. ‘ಆಫೀಸರ್.’ ಒಳಗಿನಿಂದ ಉಪ್ಪಿಟ್ಟಿನ ಜೊತೆ ಕೇಸರಿಬಾತೂ ಬಂತು.

ಇಷ್ಟೆಲ್ಲ ಉಂಡ ತಿಪ್ಪೇಶಿ ಸಮಾನತೆಯ ದೊಡ್ಡ ವಕ್ತಾರನಾದದ್ದರಲ್ಲಿ ಆಶ್ಚರ್ಯವಿಲ್ಲ. 2019ರಲ್ಲಿ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ 100ಕ್ಕೆ 80 ಹೆಂಗಸರಿಗೆ, 20 ಗಂಡಸರಿಗೆ ಎಂದು ನಿರ್ಧಾರವಾದದ್ದನ್ನು ಅವನು ಈಗಲೂ ಮರೆತಿಲ್ಲ. ‘ಕೆಲಸಕ್ಕೆ ಗಂಡು ಹೆಣ್ಣು ಅಂತ ಇಲ್ಲ’ ಎಂದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದಾನೆ.

ಸ್ಟೇಟಸ್ ಇನ್ನೂ ಹಸಿಯಾಗಿರುವಾಗಲೇ ಒಂದು ಭಾನುವಾರ ಮಳೆ ಬಿದ್ದು ಎರೆಹೊಲ ಹದಕ್ಕೆ ಬಂತು. ಬಾಡಿಗೆ ಟ್ರ್ಯಾಕ್ಟರಿನವನು ಕೈಕೊಟ್ಟ. ಮಾವನ ಟ್ರ್ಯಾಕ್ಟರ್ ಅಂಗಳದಲ್ಲೇ ನಿಂತಿತ್ತು, ಮಾವನಿಗೆ ತಲೆಸುತ್ತು. ತಂಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ‘ಕೀ ಕೊಡು ಮಾವ, ನಾನೇ ಹೊಡ್ಕೊಂಡು ಬರ್ತೀನಿ. ಅಪ್ಪನ ಜೊತೆ ಕಲ್ತಿದೀನಿ.’

ತಿಪ್ಪೇಶಿ ಹೌಹಾರಿದ. ‘ಟ್ರ್ಯಾಕ್ಟ್ರಾ? ಏ, ಸುಮ್ನಿರೇ! ಊರೋರು ಏನಂತಾರೆ? ಅದು ಗಂಡಸ್ರ ಕೆಲ್ಸ.’

ಮಾವ ಜಗಲಿಯಿಂದ ಕುಣಿದೆದ್ದ. ‘ಹಾಂ! ಈಗ ನೋಡು, ಗಂಡಸಿನ ಹಂಗೆ ಮಾತಾಡ್ದ ನಮ್ಮ ಹುಡ್ಗ!’ ಇಷ್ಟು ವರ್ಷದಲ್ಲಿ ಮಾವನ ಬಾಯಿಂದ ತಿಪ್ಪೇಶಿಗೆ ಸಿಕ್ಕ ಮೊದಲ ಶಹಬ್ಬಾಸ್ ಇದು. ಸಂತೋಷಪಡಬೇಕೋ ಬೇಡವೋ ತಿಳಿಯದೆ ಅವನು ಸುಮ್ಮನೆ ಬಿಪಿ ಮಿಷಿನ್ ಬಿಚ್ಚಿ ಮಾವನ ತೋಳಿಗೆ ಸುತ್ತಿದ.

ತಂಗಿ ಫೋನು ತೆಗೆದು ಅಣ್ಣನ ಸ್ಟೇಟಸ್ಸನ್ನು ಗಟ್ಟಿಯಾಗಿ ಒಂದು ಸಲ ಓದಿದಳು. ಆಮೇಲೆ ಮಾವನ ಜೇಬಿಗೆ ಕೈ ಹಾಕಿ ಕೀ ತೆಗೆದುಕೊಂಡಳು.

‘ಅಣ್ಣ, ಬಿಪಿ ಇಬ್ರಿಗೂ ನೋಡ್ಕೊಳ್ಳಿ. ಅನ್ನಕ್ಕೆ ಇಟ್ಟಿಲ್ಲ, ನೀನೇ ಇಡು. ಕತ್ಲಾಗೋದ್ರೊಳಗೆ ಹೊಲ ಮುಗಿಸ್ಕೊಂಡು ಬರ್ತೀನಿ.’