ನಾನು ಬೀಗ ಅಲ್ಲ ಮಾರಾಯ್ರೆ, ಭದ್ರತೆ

ಕೊಲ್ಲಿಯ ಖಾಸಗಿ ಶಾಲೆಗಳಲ್ಲಿ ಮೇಷ್ಟ್ರುಗಳು ಬರುತ್ತಾರೆ, ಹೋಗುತ್ತಾರೆ. ಅಲುಗದೆ ಇರುವುದು ಅಕೌಂಟ್ಸ್ ಕೋಣೆಯ ತಿಜೋರಿ ಮಾತ್ರ. ಯುಎಇಯಲ್ಲಿ ಭಾರತೀಯ ಪಠ್ಯಕ್ರಮ ಕಲಿಸುವ ಶಾಲೆಯೊಂದರ ತಿಜೋರಿ, ಶಾಲೆಯ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ, ಸಂದರ್ಶನಕ್ಕೆ ಒಪ್ಪಿತು. ಬೂದು ಬಣ್ಣ, ಎದೆಯೆತ್ತರ, ನೆತ್ತಿಯ ಮೇಲೊಂದು ಪ್ಲಾಸ್ಟಿಕ್ ಹೂಕುಂಡ. ಪುತ್ತೂರು, ಕಾಸರಗೋಡು, ಉಡುಪಿ ಕಡೆಯ ಪಾಸ್‌ಪೋರ್ಟುಗಳನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಕನ್ನಡ ಕಲಿತಿದೆಯಂತೆ.

ಪ್ರಶ್ನೆ: ಒಳಗೆ ಈಗ ಏನೇನಿದೆ?

ತಿಜೋರಿ: ಫೀಸಿನ ರಸೀದಿ ಪುಸ್ತಕ, ಬಸ್ಸುಗಳ ಇನ್ಶೂರೆನ್ಸ್, ಶಾಲೆಯ ಸೀಲು. ಕೆಳಗಿನ ಖಾನೆಯಲ್ಲಿ ನನ್ನ ಮಕ್ಕಳು. ಎಲ್ಲರಿಗೂ ಕಡುನೀಲಿ ಅಂಗಿ, ಎದೆಯಲ್ಲಿ ಸಿಂಹದ ಮುದ್ರೆ. ಒಬ್ಬೊಬ್ಬರಿಗೂ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಸಿಕ್ಕಿಸಿ ಮಲಗಿಸಿದ್ದೇನೆ. ‘ಗಣಿತ’, ‘ಹಿಂದಿ’, ‘ಕೆ.ಜಿ. 2’. ಚೀಟಿಯಲ್ಲಿ ಹೆಸರು ಬರೆಯುವ ಕ್ರಮ ಇಲ್ಲ. ಜನ ಬದಲಾದಾಗೆಲ್ಲ ಚೀಟಿ ಬದಲಿಸ್ತಾ ಕೂತರೆ ಪುರುಸೊತ್ತು ಎಲ್ಲಿ?

ಪ್ರಶ್ನೆ: ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನಲ್ಲೇ ಹಾಗಿದೆ. ನೌಕರರ ಅಧಿಕೃತ ದಾಖಲೆ ಹಿಡಿದಿಟ್ಟುಕೊಳ್ಳಬಾರದು ಅಂತ ಯುಎಇ ಕಾನೂನೂ ಹೇಳುತ್ತದೆ.

ತಿಜೋರಿ: ಹಿಡಿದಿಟ್ಟದ್ದು ಯಾರು? ಅವರೇ ತಂದು ಕೊಟ್ಟದ್ದು. ವಿಮಾನ ಇಳಿದ ಮರುದಿನ ನಮ್ಮ ಪಿಆರ್‌ಒ ‘ವೀಸಾ ಸ್ಟ್ಯಾಂಪಿಂಗ್ ಉಂಟು’ ಅಂತ ಕೈಚಾಚ್ತಾನೆ, ಅವರು ಕೊಡ್ತಾರೆ.

ಪ್ರಶ್ನೆ: 2022ರಿಂದ ಪಾಸ್‌ಪೋರ್ಟಿಗೆ ವೀಸಾ ಅಂಟಿಸುವುದನ್ನೇ ನಿಲ್ಲಿಸಿದ್ದಾರಲ್ಲ? ಎಲ್ಲ ಎಮಿರೇಟ್ಸ್ ಐಡಿಯಲ್ಲೇ ಇರುತ್ತದೆ.

ತಿಜೋರಿ: ನಿನ್ನೆ ರಾತ್ರಿ ಇಳಿದವರಿಗೆ ಅದೆಲ್ಲ ಎಲ್ಲಿ ಗೊತ್ತಿರ್ತದೆ? ಅಲ್ಲದೆ ನಮ್ಮಲ್ಲಿ ಪತ್ರ ಉಂಟು. ‘ಸುರಕ್ಷತೆಯ ದೃಷ್ಟಿಯಿಂದ ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ’ ಅಂತ. ಹೊಸಬರೆಲ್ಲ ಸಾಲಾಗಿ ನಿಂತು ಒಂದೇ ಪೆನ್ನಿನಲ್ಲಿ ಸಹಿ ಹಾಕ್ತಾರೆ. ಅಷ್ಟೊಂದು ಸ್ವಇಚ್ಛೆಯನ್ನು ಒಟ್ಟಿಗೆ ನೀವು ಬೇರೆಲ್ಲೂ ನೋಡಲಿಕ್ಕಿಲ್ಲ.

ಪ್ರಶ್ನೆ: ಬಿ.ಎಡ್. ಸರ್ಟಿಫಿಕೇಟುಗಳೂ ಇಲ್ಲೇ ಇವೆಯಲ್ಲ.

ತಿಜೋರಿ: ಮೂಲಪ್ರತಿ! ಅದರ ಹಿಂಬದಿ ನೋಡಬೇಕು ನೀವು. ರಾಜ್ಯ ಸರ್ಕಾರದ ಮೊಹರು, ದೆಹಲಿಯ ವಿದೇಶಾಂಗ ಸಚಿವಾಲಯದ್ದು, ಯುಎಇ ರಾಯಭಾರ ಕಚೇರಿಯದ್ದು, ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಇಲಾಖೆಯದ್ದು. ಇವರು ಮೇಷ್ಟ್ರು ಹೌದು ಅಂತ ಎರಡು ದೇಶ ಸೇರಿ ಒಪ್ಪಿದ ಮೇಲೆಯೇ ನಮ್ಮ ಸೂಪರ್‌ವೈಸರ್ ಅವರನ್ನು ಬಸ್ ಡ್ಯೂಟಿಗೆ ಹಾಕುವುದು.

(ಇಲ್ಲೊಂದು ಮಾತು ನನ್ನದು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಗೆ ಕೆಲಸಕ್ಕೆ ಹೊರಟರೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಗಾರೆ ಕೆಲಸದವನ ಕರಾರಿನ ಮೇಲೆ ಒಬ್ಬ ಅಧಿಕಾರಿಯಾದರೂ ಕಣ್ಣಾಡಿಸುತ್ತಾನೆ. ಪದವೀಧರರಿಗೆ ಅದು ಬೇಡ. ಓದಿದವರು, ತಾವೇ ಓದಿಕೊಳ್ಳುತ್ತಾರೆ ಎಂಬ ನಂಬಿಕೆ. ಅಂಥವರಲ್ಲಿ ಎಷ್ಟೋ ಮಂದಿ ಸಂಬಳದ ಸಾಲು ಒಂದನ್ನೇ ಓದಿ ವಿಮಾನ ಹತ್ತಿರುತ್ತಾರೆ.)

ಪ್ರಶ್ನೆ: ಆ ಸಂಬಳದ ಸಾಲಾದರೂ ನಿಜವೇ?

ತಿಜೋರಿ: ಯಾವ ಕಾಗದದ್ದು? ಮಂಗಳೂರಿನ ಹೋಟೆಲಿನಲ್ಲಿ ಸಂದರ್ಶನ ಮಾಡಿ ಕೊಟ್ಟದ್ದು ಒಂದು, ಇಲ್ಲಿ ಸಹಿ ಹಾಕಿಸಿದ್ದು ಇನ್ನೊಂದು. ಎರಡನೆಯದರಲ್ಲಿ ಮೂಲವೇತನ ಸಣ್ಣದು, ಭತ್ಯೆ ದೊಡ್ಡದು. ಒಟ್ಟು ಮೊತ್ತ ನೋಡಿ ಖುಷಿಪಡ್ತಾರೆ. ಗ್ರಾಚುಟಿ ಲೆಕ್ಕ ಹಾಕುವುದು ಮೂಲವೇತನದ ಮೇಲೆ ಅಂತ ಹೋಗುವ ದಿನ ಗೊತ್ತಾಗ್ತದೆ.

ಪ್ರಶ್ನೆ: ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂದು 2009ರಿಂದ ವೇತನ ರಕ್ಷಣಾ ವ್ಯವಸ್ಥೆ ಇದೆ. ಮೋಸಕ್ಕೆ ಜಾಗ ಎಲ್ಲಿ?

ತಿಜೋರಿ: ನಾವು ಮೋಸ ಮಾಡುವುದೇ ಇಲ್ಲ. ಒಂದು ಪೈಸೆ ಬಾಕಿ ಇಲ್ಲದೆ ಖಾತೆಗೆ ಬೀಳ್ತದೆ, ಸರ್ಕಾರದ ಕಂಪ್ಯೂಟರಿನಲ್ಲಿ ಹಸಿರು ಬರ್ತದೆ. ಮರುದಿನ ಹಿಂದಿ ಮೇಡಂ ಎಟಿಎಂಗೆ ಹೋಗಿ, ತಿದ್ದಲಿಕ್ಕೆ ತಂದ ನೋಟ್‌ಬುಕ್ಕುಗಳ ಮಧ್ಯೆ ಒಂದು ಕಂದು ಕವರು ಇಟ್ಟುಕೊಂಡು ಈ ಕೋಣೆಗೆ ಬರ್ತಾರೆ. ಅಕೌಂಟೆಂಟ್ ಎರಡು ಸಲ ಎಣಿಸ್ತಾನೆ. ರಸೀದಿ ಇಲ್ಲ. ‘ಥ್ಯಾಂಕ್ಯೂ ಮೇಡಂ’ ಅಂತ ಮಾತ್ರ ಹೇಳ್ತಾನೆ, ಒಳ್ಳೆ ಮನೆತನದ ಹುಡುಗ. ಕವರು ನನ್ನ ಮೇಲಿನ ಖಾನೆಗೆ.

ಪ್ರಶ್ನೆ: ಇಷ್ಟೆಲ್ಲ ಆದ ಮೇಲೆ ಅವರು ಬಿಟ್ಟು ಹೋಗಬೇಕೆನ್ನುವುದರಲ್ಲಿ ಆಶ್ಚರ್ಯವೇನು?

ತಿಜೋರಿ: ಕರಾರು ಎರಡು ವರ್ಷದ್ದು! ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಗುರುಗಳು ಅಂತ ಕರೀತೇವೆ, ಕೈಮುಗೀತೇವೆ, ಸೆಪ್ಟೆಂಬರ್ 5ಕ್ಕೆ ಒಬ್ಬೊಬ್ಬರಿಗೂ ಒಂದೊಂದು ಗುಲಾಬಿ ಕೊಡ್ತೇವೆ. ಅಷ್ಟು ಮಾಡಿದ್ದಕ್ಕೆ ನಡುವರ್ಷದಲ್ಲಿ ಮಕ್ಕಳನ್ನು ಬಿಟ್ಟು ಹೋಗುವುದಾ?

ಪ್ರಶ್ನೆ: ಶಾಲೆಯೂ ಮಾತು ಕೊಟ್ಟಿತ್ತಲ್ಲ. ಒಬ್ಬರಿಗೆ ಒಂದು ರೂಮು ಅಂತ.

ತಿಜೋರಿ: ರೂಮು ಒಂದೇ ಕೊಟ್ಟದ್ದು. ಒಳಗೆ ಮೂವರು ಇದ್ದಾರೆ, ಅಷ್ಟೆ.

ಪ್ರಶ್ನೆ: ಬಿಡುತ್ತೇನೆ ಅಂದವರಿಗೆ ಏನು ಹೇಳುತ್ತೀರಿ?

ತಿಜೋರಿ: ನಾನು ಸುಮ್ಮನೆ ಇರ್ತೇನೆ. ಅಕೌಂಟೆಂಟ್ ಕ್ಯಾಲ್ಕುಲೇಟರ್ ತೆಗೀತಾನೆ. ವೀಸಾ ಖರ್ಚು, ಟಿಕೆಟು, ವೈದ್ಯಕೀಯ ಪರೀಕ್ಷೆ, ಮಂಗಳೂರಿನಲ್ಲಿ ಸಂದರ್ಶನದ ದಿನ ಕುಡಿದ ಕಾಫಿ, ಎಲ್ಲ ಕೂಡಿಸ್ತಾನೆ. ಮೊತ್ತ ಬಂದ ಕೂಡಲೇ ಪರದೆಯನ್ನು ಅವರ ಕಡೆ ತಿರುಗಿಸ್ತಾನೆ. ಹೆಚ್ಚಿನವರು ಅಲ್ಲಿಗೇ ‘ಆಲೋಚನೆ ಮಾಡಿ ಹೇಳ್ತೇನೆ ಸರ್’ ಅಂತ ಎದ್ದು ಹೋಗ್ತಾರೆ.

ಪ್ರಶ್ನೆ: ನೇಮಕಾತಿ ಖರ್ಚನ್ನು ನೌಕರನಿಂದ ವಸೂಲಿ ಮಾಡಬಾರದು ಅಂತ ಕಾನೂನಿದೆಯಲ್ಲ.

ತಿಜೋರಿ: ಮೆಲ್ಲ ಮಾತಾಡಿ ಮಾರಾಯ್ರೆ. ಸ್ಟಾಫ್ ರೂಮು ಪಕ್ಕದಲ್ಲೇ ಉಂಟು.

ಪ್ರಶ್ನೆ: 2021ರ 33ನೇ ಕಾರ್ಮಿಕ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ದೇಶ ಬಿಟ್ಟು ಹೋಗುವುದಾದರೆ 14 ದಿನದ ಲಿಖಿತ ನೋಟಿಸು ಸಾಕು. ಆಮೇಲಾದರೆ ಕರಾರಿನಲ್ಲಿರುವಂತೆ 30ರಿಂದ 90 ದಿನ. ಶಾಲೆಯೇ ಕರಾರು ಮುರಿದಿದ್ದರೆ, 14 ಕೆಲಸದ ದಿನ ಮುಂಚೆ ಸಚಿವಾಲಯಕ್ಕೆ ತಿಳಿಸಿ, ಶಾಲೆ ಸರಿಪಡಿಸದಿದ್ದರೆ ನೋಟಿಸೇ ಇಲ್ಲದೆ ಹೋಗಬಹುದು. ಒಂದು ವರ್ಷ ತುಂಬಿದ್ದರೆ ವರ್ಷಕ್ಕೆ 21 ದಿನದ ಮೂಲವೇತನ ಗ್ರಾಚುಟಿಯಾಗಿ ಬರಬೇಕು.

ತಿಜೋರಿ: (ಕೀಲು ಕಿರುಗುಟ್ಟುತ್ತದೆ.) ನಮ್ಮ ಅಕೌಂಟೆಂಟ್ ಇನ್ನೂ 1980ರ ಕಾನೂನೇ ಹೇಳ್ತಾನೆ. ಅದರಲ್ಲಿ, ಅವಧಿಯ ಕರಾರನ್ನು ಐದು ವರ್ಷದೊಳಗೆ ತಾವಾಗಿ ಮುರಿದವರಿಗೆ ಗ್ರಾಚುಟಿ ಇರಲಿಲ್ಲ. ಹಳೆಯದಾದರೂ ನಮಗೆ ಅದೇ ಒಗ್ಗಿದೆ. ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕುಗಳೂ ಹಾಗೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ಕು ಬೌನ್ಸ್ ಆದರೆ ಅದು ಈಗ ಕ್ರಿಮಿನಲ್ ಅಪರಾಧ ಅಲ್ಲ, 2022ರ ಜನವರಿಯಲ್ಲಿ ಬದಲಾಗಿದೆ. ಆದರೆ ‘ಚೆಕ್ಕು ಉಂಟು, ಪೊಲೀಸ್ ಬರ್ತಾರೆ’ ಅಂದರೆ ಈಗಲೂ ಮುಖ ಬಿಳಿಚಿಕೊಳ್ತದೆ. ಹೊಸ ಕಾನೂನು ಇಲ್ಲಿಗೆ ಬಂದು ತಲುಪಲಿಕ್ಕೆ ತುಂಬ ಸಮಯ ತೆಗೊಳ್ತದೆ.

ಪ್ರಶ್ನೆ: ಹಾಗಾದರೆ ಜನ ಯಾವಾಗ ಹೋಗುತ್ತಾರೆ?

ತಿಜೋರಿ: ಜುಲೈ. ಬೇಸಿಗೆ ರಜೆ. ನನ್ನ ಬಾಗಿಲು ತೆರೀಲೇಬೇಕಾದ ತಿಂಗಳು. ಅದಕ್ಕೂ ವ್ಯವಸ್ಥೆ ಮಾಡಿದ್ದೇವೆ: ಹಿಂದಿ ಮೇಡಂ ಊರಿಗೆ ಹೋಗಬೇಕಾದರೆ ಗಣಿತ ಮೇಷ್ಟ್ರು ಜಾಮೀನು ಬರೆದುಕೊಡಬೇಕು. ಅವರು ವಾಪಸು ಬಾರದಿದ್ದರೆ ಇವರ ಸಂಬಳದಲ್ಲಿ ಕಟ್. ಅವರಿಬ್ಬರೂ ಹತ್ತು ತಿಂಗಳು ಒಂದೇ ಡಬ್ಬಿಯಿಂದ ಚಿತ್ರಾನ್ನ ಹಂಚಿಕೊಂಡು ತಿಂದವರು. ಜಾಮೀನಿಗೆ ಸಹಿ ಹಾಕುವಾಗ ಗಣಿತ ಮೇಷ್ಟ್ರು ಮೇಡಂ ಮುಖ ನೋಡ್ತಾರೆ, ಮೇಡಂ ಪ್ಲಾಸ್ಟಿಕ್ ಹೂಕುಂಡ ನೋಡ್ತಾರೆ.

ಪ್ರಶ್ನೆ: ಕೆಲವರು ಬರುವುದೇ ಇಲ್ಲ.

ತಿಜೋರಿ: ಬರುವುದಿಲ್ಲ. ‘ಅಮ್ಮನಿಗೆ ಹುಷಾರಿಲ್ಲ’ ಅಂತ ಒಂದು ಮೆಸೇಜು, ಆಮೇಲೆ ಸಿಮ್ಮು ಆಫ್. ಸತತ ಏಳು ದಿನ ಪತ್ತೆ ಇಲ್ಲದಿದ್ದರೆ ನಾವು ‘ಕೆಲಸ ತ್ಯಜಿಸಿದ್ದಾರೆ’ ಅಂತ ದೂರು ದಾಖಲಿಸ್ತೇವೆ. ಆಮೇಲೆ ಒಂದು ವರ್ಷ ಅವರಿಗೆ ಇಲ್ಲಿ ಬೇರೆ ಕೆಲಸದ ಪರ್ಮಿಟ್ ಸಿಕ್ಕುವುದಿಲ್ಲ. ನೋಟಿಸು ಕೊಟ್ಟು ಹೋಗಿದ್ದರೆ ಅದರ ತಂಟೆಯೇ ಇರ್ತಿರಲಿಲ್ಲ. ಆದರೆ ನೋಟಿಸು ಕೊಟ್ಟರೆ ನಾನು ಬಾಗಿಲು ತೆರೀಲಿಕ್ಕಿಲ್ಲ ಅಂತ ಅವರಿಗೆ ಹೆದರಿಕೆ. ಆ ಹೆದರಿಕೆಯನ್ನು ಇಲ್ಲ ಅಂತ ಹೇಳುವುದು ನನ್ನ ಕೆಲಸ ಅಲ್ಲ.

ಪ್ರಶ್ನೆ: ಒಂದು ಕಬ್ಬಿಣದ ಪೆಟ್ಟಿಗೆಗೆ ಇಷ್ಟು ಹೆದರಬೇಕೇ?

ತಿಜೋರಿ: ನನಗೊಬ್ಬನಿಗೇ ಅಲ್ಲ. ಏಜೆಂಟನಿಗೆ ಕೊಟ್ಟ ಹಣಕ್ಕೆ ಊರಿನ ಸೊಸೈಟಿಯಲ್ಲಿ ಸಾಲ ಉಂಟು. ತಮ್ಮನ ಇಂಜಿನಿಯರಿಂಗ್ ಫೀಸು ಉಂಟು. ಎಲ್ಲಕ್ಕಿಂತ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರೆಲ್ಲ ‘ಎಂತ, ಇಷ್ಟು ಬೇಗ ಬಂದದ್ದು?’ ಅಂತ ಕೇಳ್ತಾರೆ. ಆ ಪ್ರಶ್ನೆಯನ್ನು ನಾನು ಇಲ್ಲಿಂದ ಒಂದು ದಿರ್ಹಮ್ ಖರ್ಚಿಲ್ಲದೆ ಊರಿನವರ ಕೈಯಲ್ಲಿ ಕೇಳಿಸ್ತೇನೆ.

ಪ್ರಶ್ನೆ: ಯಾರೂ ನೇರ ಬಾಗಿಲಿನಿಂದ ಹೋದದ್ದಿಲ್ಲವೇ?

ತಿಜೋರಿ: (ಬಹಳ ಹೊತ್ತು ಸುಮ್ಮನಿದ್ದು) ಭೌತಶಾಸ್ತ್ರದ ಒಬ್ಬರು. ಸುಳ್ಯ ಕಡೆಯವರು. ಗಲಾಟೆ ಮಾಡುವ ಜನವೇ ಅಲ್ಲ. ಒಂದು ದಿನ ಇಲ್ಲಿಗೆ ಬಂದು ಕೂತು, ಕ್ಯಾಲ್ಕುಲೇಟರ್ ತಿರುಗಿಸಿದ್ದನ್ನು ಪೂರ್ತಿ ನೋಡಿ, ‘ಇದೇ ಲೆಕ್ಕವನ್ನು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಹಾಕಿ ಕೊಡಿ’ ಅಂದರು. ಅಷ್ಟೆ ಕೇಳಿದ್ದು. ಅಕೌಂಟೆಂಟನ ಕೈ ಸೀಲಿನವರೆಗೆ ಹೋಗಿ ನಿಂತಿತು. ಅವರು ಮೂಲ ಆಫರ್ ಪತ್ರದ ಫೋಟೋ, ಎಟಿಎಂ ಸ್ಲಿಪ್ಪುಗಳು, ರೂಮಿನ ಮೂರು ಮಂಚ, ಎಲ್ಲ ಮೊಬೈಲಿನಲ್ಲಿ ಇಟ್ಟಿದ್ದರು. ಸಚಿವಾಲಯದಲ್ಲಿ ದೂರು ಹಾಕಿಯಾಗಿತ್ತು. ಎರಡು ದಿನ ಕಳೆದು ಒಂದು ಫೋನ್ ಬಂತು. ಆವತ್ತು ನನ್ನ ಬಾಗಿಲು ತೆರೆದ ರಭಸಕ್ಕೆ ಹೂಕುಂಡ ಕೆಳಗೆ ಬಿತ್ತು. ಪ್ರಾಂಶುಪಾಲರೇ ಪಾಸ್‌ಪೋರ್ಟ್ ಕೈಯಲ್ಲಿ ಕೊಟ್ಟು, ಚಾ ತರಿಸಿದರು.

ಪ್ರಶ್ನೆ: ಅದು ಸ್ಟಾಫ್ ರೂಮಿನಲ್ಲಿ ಸುದ್ದಿಯಾಗಲಿಲ್ಲವೇ?

ತಿಜೋರಿ: ‘ಅವರ ತಂದೆಗೆ ಹುಷಾರಿಲ್ಲ, ನಾವೇ ಮಾನವೀಯತೆಯಿಂದ ಕಳಿಸಿದೆವು’ ಅಂತ ಅಸೆಂಬ್ಲಿಯಲ್ಲಿ ಹೇಳಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು.

ಪ್ರಶ್ನೆ: ಅವರ ಜಾಗಕ್ಕೆ?

ತಿಜೋರಿ: ಬಂದಾಯ್ತು. ‘ಭೌತಶಾಸ್ತ್ರ’ ಚೀಟಿ ಹಾಗೆಯೇ ಇತ್ತು, ಸಿಕ್ಕಿಸಿದೆ. ಅಂದ ಹಾಗೆ, ಈ ಸಂದರ್ಶನ ಅಚ್ಚಾಗುವ ಮೊದಲು ನಮ್ಮ ಮ್ಯಾನೇಜ್‌ಮೆಂಟಿನ ಎನ್‌ಒಸಿ ಬೇಕು. ಅಲ್ಲಿಯವರೆಗೆ ನಿಮ್ಮ ರೆಕಾರ್ಡರ್ ಇಲ್ಲೇ ಇರಲಿ. ಹೊರಗೆ ಕಳ್ಳರ ಕಾಟ, ನನ್ನಲ್ಲಾದರೆ ಸೇಫ್.

ಪ್ರಶ್ನೆ: ಎನ್‌ಒಸಿ ಯಾವಾಗ ಸಿಗುತ್ತದೆ?

ತಿಜೋರಿ: ಎರಡು ವರ್ಷ ಕಳೆದು ಬನ್ನಿ.